ನನ್ನ ಕೊರಳಿನ ಫೋಟೋ

ನನಗೆ ತೊನ್ನು ಕಾಣಿಸಿಕೊಂಡದ್ದು ಹದಿನೇಳನೇ ವಯಸ್ಸಿನಲ್ಲಿ. ಮೊದಲು ಬಲಗೈ ಬೆರಳಿನ ಗೆಣ್ಣುಗಳ ಮೇಲೆ, ಸುಣ್ಣ ಸಿಡಿದ ಹಾಗೆ. ಎರಡು ವರ್ಷದಲ್ಲಿ ಎರಡೂ ಮುಂಗೈ ಬಿಳಿಯಾದವು, ಆಮೇಲೆ ಕೊರಳು. ಹಾನಗಲ್ಲಿನ ಡಾಕ್ಟರು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲವಾ. ಚರ್ಮದ ಬಣ್ಣ ಹೋಗೇತಿ, ಅಷ್ಟ" ಎಂದರು. ಅವ್ವ ತಲೆಯಾಡಿಸಿದಳು. ಬಸ್ಸಿನಲ್ಲಿ ಅಕ್ಕಿಆಲೂರಿಗೆ ಮರಳುವಾಗ ಮಾತ್ರ ತನ್ನ ಸೆರಗು ಎಳೆದು ನನ್ನ ಕೈಗಳ ಮೇಲೆ ಹೊದಿಸಿದಳು.

ಅಂದಿನಿಂದ ತುಂಬು ತೋಳಿನ ಅಂಗಿ, ಕೊರಳಿಗೆ ಸುತ್ತಿದ ವೇಲು. ಬಂಧುಗಳ ಮದುವೆಗೆ ಹೋದರೆ ಅಡುಗೆಗೆ ಕೈ ಹಾಕುವಂತಿಲ್ಲ, ಎಲೆ ಅಡಿಕೆ ಹಂಚುವಂತಿಲ್ಲ. ಯಾರೂ ಬೈಯುತ್ತಿರಲಿಲ್ಲ. "ನೀ ಕುಂದ್ರವಾ, ನಾವು ಮಾಡ್ತೇವಿ" ಎಂದು ಅಕ್ಕರೆಯಿಂದಲೇ ಕೈಯಲ್ಲಿದ್ದ ತಾಟು ಇಸಿದುಕೊಳ್ಳುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಕ್ಕರೆಗೆ ಏನು ಉತ್ತರ ಕೊಡುವುದು?

ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಗೊಟಗೋಡಿಯಲ್ಲಿ ಹದಿನೈದು ದಿನ ಮಣ್ಣಿನ ಒಡವೆ ಮಾಡುವುದನ್ನು ಕಲಿಸುತ್ತಾರೆ ಎಂಬ ಸುದ್ದಿ ಬಂತು. ಒಡವೆಯ ಮೇಲೆ ನನಗೆ ಆಸೆಯೇನೂ ಇರಲಿಲ್ಲ. ಹದಿನೈದು ದಿನ ಮನೆಯಿಂದ ಹೊರಗಿರಬಹುದಲ್ಲ ಎಂದು ಹೋದೆ. ಮೊದಲ ದಿನವೇ ಮಣಿಕಟ್ಟಿನ ತನಕ ಕೆಸರಿನಲ್ಲಿ ಕೈಯಿಟ್ಟೆವು. ಇಪ್ಪತ್ತು ಜೋಡಿ ಕೈಗಳಲ್ಲಿ ನನ್ನವು ಯಾವುವು ಎಂದು ತಿಳಿಯುತ್ತಿರಲಿಲ್ಲ. ಅದು ಹಿಡಿಸಿತು. ಮೂರನೇ ದಿನ ಒಂದು ಪುಟ್ಟ ಜುಮಕಿ ಅಂಗೈ ಮೇಲೆ ನೆಟ್ಟಗೆ ನಿಂತಾಗ ಕೈಯ ಬಣ್ಣದ ಯೋಚನೆಯೇ ಮರೆತುಹೋಗಿತ್ತು. ಇದನ್ನು ಮಾಡಿಕೊಂಡು ಬದುಕಬಹುದು ಅನಿಸಿದ್ದು ಆ ಹೊತ್ತಿನಲ್ಲಿ.

ಒಡವೆ ಸುಡಲು ಕುಂಬಾರರ ಆವಿಗೆ ಬೇಕು. ಹುಡುಕಿಕೊಂಡು ಚಿಕ್ಕೇರೂರಿಗೆ ಹೋದೆ. ಅಲ್ಲಿ ಅರವತ್ತು ದಾಟಿದ ಒಬ್ಬ ಕುಂಬಾರ ಅಜ್ಜಿ ಈಗಲೂ ಗಡಿಗೆ ಸುಡುತ್ತಿದ್ದಳು. ನಾನು ವೇಲಿನೊಳಗಿಂದ ಕೈ ತೆಗೆದು ಮಣ್ಣು ಮುಟ್ಟುವ ಮುಂಚೆಯೇ, "ಅಜ್ಜಿ, ನನ್ನ ಕೈ ಹಿಂಗ ಅದಾವು" ಎಂದು ಹೇಳಿಬಿಟ್ಟೆ. ಅವಳು ಬಗ್ಗಿ ನೋಡಿದಳು.

"ಹೌದಲ್ಲ, ಎಷ್ಟುದ್ದ ಬಿಟ್ಟೀಯವಾ! ಈ ಉಗುರಿನಾಗ ಮಣ್ಣು ಹೆಂಗ ತಿದ್ದತೀ? ಹೋಗು, ಕತ್ತರಿಸ್ಕೊಂಡು ಬಾ."

ನನಗೆ ನಗು ಬಂತು, ಅಳುವೂ ಬಂತು. ಉಗುರು ಕತ್ತರಿಸಿಕೊಂಡು ಕೂತೆ.

ಆ ಅಜ್ಜಿ ಕಲಿಸಿದ್ದನ್ನು ಯಾವ ತರಬೇತಿಯೂ ಕಲಿಸಿರಲಿಲ್ಲ. ಮಣ್ಣನ್ನು ಅರಿವೆಯಲ್ಲಿ ಸೋಸಿ, ನೆನೆಸಿ, ಹಿಟ್ಟಿಗಿಂತ ಹೆಚ್ಚು ನಾದಬೇಕು. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಬೆಂಕಿಯಲ್ಲಿ ಸಿಡಿಯುತ್ತದೆ. ಮೊದಲ ಸಲ ನಾನು ಇಟ್ಟ ನಲವತ್ತು ಓಲೆಗಳಲ್ಲಿ ಏಳು ಉಳಿದವು. "ಏಳು ಉಳಿದಾವಲ್ಲ" ಎಂದಳು ಅಜ್ಜಿ. ನಮ್ಮೂರಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ರಾಶಿ ಬಿದ್ದಿರುತ್ತದೆ. ಚೀಲ ತುಂಬಿ, ಕಂಡಕ್ಟರನ ಗೊಣಗಾಟ ಕೇಳಿಕೊಂಡು, ಬಸ್ಸಿನ ಹಿಂದಿನ ಸೀಟಿನ ಕೆಳಗೆ ತೂರಿಸಿ ಒಯ್ಯುತ್ತಿದ್ದೆ. ಸುಟ್ಟ ಓಲೆಗಳನ್ನು ಬಿಸಿಯಿರುವಾಗಲೇ ಆ ಹೊಟ್ಟಿನಲ್ಲಿ ಹೂತು ಮುಚ್ಚಿದರೆ ಕೆಂಪು ಹೋಗಿ ಕಪ್ಪು ಬರುತ್ತದೆ, ಎಣ್ಣೆ ಹಚ್ಚಿದ ಬಾಣಲೆಯಂಥ ಕಪ್ಪು. ಬಣ್ಣ ಬಳಿಯುವ ಕೆಲಸವೇ ಇಲ್ಲ.

ಮಾಡುವುದು ಒಂದು, ಮಾರುವುದು ಇನ್ನೊಂದು. ಒಡವೆಯನ್ನು ತಾಟಿನಲ್ಲಿಟ್ಟು ಫೋಟೋ ತೆಗೆದರೆ ಅದು ಮಣ್ಣಿನ ಹೆಂಟೆಯ ಹಾಗೆ ಕಾಣುತ್ತದೆ. ಅದಕ್ಕೊಂದು ಕಿವಿ ಬೇಕು, ಕೊರಳು ಬೇಕು. ನನ್ನ ತಂಗಿಯ ಕೊರಳು ಉದ್ದ, ಮಚ್ಚೆಯಿಲ್ಲದ ಗೋಧಿ ಬಣ್ಣ. ಅವಳಿಗೆ ತೊಡಿಸಿ, ಹಿತ್ತಲಿನ ಗೋಡೆಗೆ ನಿಲ್ಲಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಹಾಕತೊಡಗಿದೆ. ಸವಣೂರಿನಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು, ನಾನು ಅಕ್ಕಾರ ಎಂದು ಕರೆಯುತ್ತಿದ್ದವರು, ಗಾಜಿನ ಪೆಟ್ಟಿಗೆಯಲ್ಲಿ ಒಂದು ಸಾಲು ಜಾಗ ಕೊಟ್ಟರು. ಊರೂರಿನಿಂದ ಕೇಳಿಕೆ ಬಂತು. ಎಲ್ಲರೂ ತಂಗಿಯೇ ಮಾಡುವವಳು ಎಂದುಕೊಂಡಿದ್ದರು. ನಾನೂ ಹಾಗಲ್ಲ ಎಂದು ಹೇಳಲಿಲ್ಲ. ಹೇಳಲಿಲ್ಲ ಎನ್ನುವುದು ಇವತ್ತಿಗೂ ನನಗೆ ಚುಚ್ಚುತ್ತದೆ.

ಹೀಗಿರುವಾಗ ಹಿರೇಕೆರೂರಿನ ಒಂದು ಮದುವೆ ಮನೆಯಿಂದ ದೊಡ್ಡ ಕೆಲಸ ಬಂತು. ಅರಿಶಿನ ಹಚ್ಚುವ ದಿನ ಮದುಮಗಳೂ ಅವಳ ಗೆಳತಿಯರೂ ಹಾಕಿಕೊಳ್ಳಲು ಹನ್ನೆರಡು ಜೊತೆ, ಓಲೆ ಮತ್ತು ಸರ. ಫೋನಿನಲ್ಲಿ ಮದುಮಗಳು ಎಷ್ಟು ಉತ್ಸಾಹದಿಂದ ಮಾತಾಡಿದಳೆಂದರೆ, ನಾನು ಅವಳಿಗೆಂದೇ ಒಂದು ಹೊಸ ಮಾದರಿ ಮಾಡಿದೆ. ಜೋಳದ ತೆನೆಯಂತೆ ಒತ್ತೊತ್ತಾಗಿ ಕಾಳು ಪೋಣಿಸಿದ ಸರ. ಒಂದೊಂದು ಕಾಳಿಗೂ ಹಸಿಯಿರುವಾಗಲೇ ಸೂಜಿಯಲ್ಲಿ ತೂತು ತೆಗೆಯಬೇಕು. ಮೂರು ವಾರ ಹಿಡಿಯಿತು. ಹತ್ತಿ ಇಟ್ಟು ಡಬ್ಬಿಯಲ್ಲಿ ಜೋಡಿಸಿ ನಾನೇ ಹೊತ್ತುಕೊಂಡು ಹೋದೆ.

ಪಡಸಾಲೆಯಲ್ಲಿ ಹೆಂಗಸರು ಸುತ್ತ ಕೂತರು. ಡಬ್ಬಿ ತೆರೆದಾಗ ಎಲ್ಲರ ಬಾಯಿಂದ "ಅಬ್ಬಬ್ಬಾ" ಬಂತು. ಸರದ ಕೊಂಡಿ ಹೇಗೆ ಹಾಕುವುದು ಎಂದು ತೋರಿಸಲು ನಾನು ತೋಳು ಸ್ವಲ್ಪ ಮೇಲೆ ಸರಿಸಿದೆ. ಮದುಮಗಳ ಅತ್ತೆ, ತಂದೆಯ ಅಕ್ಕ, ನನ್ನ ಕೈ ನೋಡಿದವಳು ತುಸು ಹಿಂದೆ ಸರಿದು ಕೂತಳು.

"ಇವನ್ನೆಲ್ಲಾ ಮಾಡಿದಾಕಿ ಯಾರವಾ?"

"ನಾನರಿ."

"ಫೋಟೋದಾಗಿನ ಹುಡುಗಿ?"

"ಆಕಿ ನನ್ನ ತಂಗಿರಿ. ಮಾಡಿದಾಕಿ ನಾನು."

ಸರವನ್ನು ಕೊರಳಿಗೆ ಹಿಡಿದು ನೋಡುತ್ತಿದ್ದ ಒಬ್ಬ ಹುಡುಗಿ ಅದನ್ನು ಮೆಲ್ಲಗೆ ಡಬ್ಬಿಯಲ್ಲಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು. ಅತ್ತೆ, "ತಪ್ಪ ತಿಳ್ಕೋಬ್ಯಾಡವಾ. ಲಗ್ನದ ಮನಿ. ಮೈಗೆ ಹಚ್ಚೂ ವಸ್ತು. ನಾಳೆ ಏನರ ಆದ್ರ ಯಾರು ಹೊಣಿ?" ಎಂದಳು. ಹತ್ತುವುದಿಲ್ಲ, ಡಾಕ್ಟರು ಹೇಳಿದ್ದಾರೆ, ಮಣ್ಣು ಬೆಂಕಿಯಲ್ಲಿ ಬೆಂದು ಬಂದಿದೆ ಎಂದೆಲ್ಲ ಹೇಳಲು ಬಾಯಿ ತೆರೆದೆ. ಒರೆಸಿಕೊಂಡ ಆ ಕೈ ನೋಡಿ ಬಾಯಿ ಮುಚ್ಚಿದೆ. ಮದುಮಗಳು ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಡಬ್ಬಿ ಮುಚ್ಚಿ ಎದ್ದು ಬಂದೆ.

ಮನೆಗೆ ಬಂದಾಗ ಅವ್ವ ಡಬ್ಬಿ ನೋಡಿಯೇ ತಿಳಿದುಕೊಂಡಳು. "ನಾ ಮೊದಲ ಹೇಳಿದ್ನಿ, ತಂಗೀನ್ನ ಕಳಸು ಅಂತ. ಇಲ್ಲಾಂದ್ರ ಕೈಗವಸು ಹಾಕ್ಕೊಂಡರ ಹೋಗಬೇಕಿತ್ತು" ಎಂದಳು. ಅವಳಿಗೂ ಸಂಕಟವಾಗಿತ್ತು, ನನಗೆ ಗೊತ್ತು. ಆದರೆ ಅವಳ ಸಂಕಟಕ್ಕೆ ಇದ್ದದ್ದು ಒಂದೇ ಔಷಧ, ಮುಚ್ಚುವುದು.

ಮರುದಿನ ಮದುಮಗಳ ಫೋನು ಬಂತು. ದನಿ ತಗ್ಗಿಸಿ ಮಾತಾಡಿದಳು. "ಅಕ್ಕ, ನನಗ ಆ ಸರ, ಓಲೆ ಎಲ್ಲಾ ಬೇಕ. ಬ್ಯಾರೇದಾರ ಕೈಲೆ ಕಳಸ್ರಿ. ಅಂಗಡ್ಯಾಗ ತಂದೇನಿ ಅಂತ ಹೇಳ್ತೇನಿ. ನೀವ ಮಾಡೀರಿ ಅಂತ ಯಾರಿಗೂ ಗೊತ್ತಾಗಬಾರದು, ಅಷ್ಟ."

ಹನ್ನೆರಡು ಜೊತೆ. ಮೂರು ವಾರದ ಕೆಲಸ. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಪಾಪ, ಆ ಹುಡುಗಿ ಕೆಟ್ಟವಳಲ್ಲ. ಅವಳ ಮಾತಿನಲ್ಲಿ ನನಗೆ ಕೇಳಿಸಿದ್ದು ನನ್ನದೇ ಮಾತು. ಇಷ್ಟು ದಿನ ತಂಗಿಯ ಕೊರಳಿನ ಹಿಂದೆ ನಿಂತು ನಾನು ಮಾಡಿದ್ದೂ ಅದನ್ನೇ.

"ಇಲ್ಲವಾ, ಕೊಡೂದಿಲ್ಲ. ನಾ ಮಾಡೇನಿ ಅಂತ ಹೇಳಿ ಹಾಕ್ಕೊಳ್ಳೂದಾದ್ರ ನಾನ ತಂದು ತೊಡಸ್ತೇನಿ. ಮುಚ್ಚಿಟ್ಟು ಹಾಕ್ಕೊಳ್ಳಾಕ ನನ್ನ ಸರ ಇಲ್ಲ."

ಅವಳು ಫೋನು ಇಟ್ಟಳು. ಮತ್ತೆ ಮಾಡಲಿಲ್ಲ.

ಅವತ್ತು ಮಧ್ಯಾಹ್ನ ನಾನು ವೇಲು ತೆಗೆದೆ. ಆ ಜೋಳದ ಕಾಳಿನ ಸರವನ್ನು, ಕಪ್ಪು ಜುಮಕಿಯನ್ನು ನಾನೇ ಹಾಕಿಕೊಂಡು ಹಿತ್ತಲಿನ ಗೋಡೆಗೆ ನಿಂತೆ. ತಂಗಿಯ ಕೈಗೆ ಮೊಬೈಲು ಕೊಟ್ಟೆ. ಅವ್ವ ಓಡಿ ಬಂದಳು.

"ಏನ್ ಮಾಡಾಕತ್ತೀ? ನಾಲ್ಕು ಮಂದಿ ನೋಡತಾರ. ನಿನ್ನ ಕೊಳ್ಳು ತೋರಸಿದ್ರ ತಂಗಿಗೆ ವರ ಬರತಾವೇನು? ಮನೆತನದಾಗ ಐತಿ ಅಂತಾರ. ಆಕಿ ಬಾಳೂ ಹಾಳು ಮಾಡತೀಯೇನು?"

ನನ್ನ ಬಗ್ಗೆ ಯಾರು ಏನಂದರೂ ಎದುರಿಸಬಲ್ಲೆ, ತಂಗಿಯ ಬಾಳನ್ನು ಪಣಕ್ಕಿಡುವ ಹಕ್ಕು ನನಗಿದೆಯೇ? ತಂಗಿಯ ಮುಖ ನೋಡಿದೆ. ಅವಳು ಮೊಬೈಲು ಕೆಳಗಿಳಿಸಿರಲಿಲ್ಲ.

"ಅವ್ವ, ಅಕ್ಕನ ಕೈ ನೋಡಿ ಓಡಿಹೋಗೂ ವರ ಮೊದಲ ಓಡಿಹೋದ್ರ ಚಲೋ. ಲಗ್ನ ಆದಮ್ಯಾಲೆ ಗೊತ್ತಾಗೂದಕ್ಕಿಂತ" ಎಂದಳು. ನನಗೆ, "ಗದ್ದ ಸ್ವಲ್ಪ ಎತ್ತು" ಎಂದಳು.

ಫೋಟೋದಲ್ಲಿ ಕೊರಳು ಚೆನ್ನಾಗಿ ಬಂದಿತ್ತು. ಕಂದು, ಬಿಳಿ, ಅದರ ಮೇಲೆ ಕೆಂಪು ಕಾಳುಗಳು. ಕೆಳಗೆ ಎರಡೇ ಸಾಲು ಬರೆದೆ: "ಮಾಡಿದವಳು ನಾನು. ತೊಟ್ಟವಳೂ ನಾನು."

ಲೋಕ ಎದ್ದು ಚಪ್ಪಾಳೆ ಹೊಡೆಯಲಿಲ್ಲ. ಮೊದಲ ವಾರ ಹಲವರು ದೂರವಾದರು. ಒಬ್ಬರು ಎಣ್ಣೆಯ ಹೆಸರು ಹೇಳಿದರು, ಇನ್ನೊಬ್ಬರು ಪಥ್ಯ, ಮತ್ತೊಬ್ಬರು ಹರಕೆ. ಮುಟ್ಟಿದರೆ ಬರುತ್ತದೆಯೇ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಬರೆದೆ: ಬರುವುದಿಲ್ಲ. ಬರೆದು ಬರೆದು ಬೆರಳು ಸೋತಿತು. ಆಗ ಸವಣೂರಿನ ಬಳೆ ಅಂಗಡಿಯಿಂದ ಫೋನು ಬಂತು. ಗಾಜಿನ ಪೆಟ್ಟಿಗೆಯ ಆ ಸಾಲೂ ಹೋಯಿತು ಎಂದುಕೊಂಡೆ.

"ಇಬ್ಬರು ಬಂದಿದ್ರು" ಎಂದರು ಅಕ್ಕಾರ. "ನಿನ್ನ ಫೋಟೋ ನೋಡ್ಯಾರಂತ. ಓಲೆ ವಾಪಸ್ ತಗೋರಿ ಅಂದ್ರು. ಹಾಕ್ಕೊಂಡು ಎಷ್ಟ ದಿನ ಆತು ಅಂತ ಕೇಳಿದ್ನಿ. ಆರು ತಿಂಗಳು ಅಂದ್ರು. ಕಿವಿ ಮುಟ್ಟಿ ನೋಡ್ಕೋರಿ, ಏನರ ಆಗೇತೇನು ಅಂದ್ನಿ. ಒಬ್ಬಾಕಿ ಅಂಗಡ್ಯಾಗಿನ ಕನ್ನಡಿ ಮುಂದ ನಿಂತು ನೋಡ್ಕೊಂಡು ನೋಡ್ಕೊಂಡು, ಮತ್ತ ಅದನ್ನ ಹಾಕ್ಕೊಂಡು ಹೋದಳು."

"ಇನ್ನೊಬ್ಬರು?"

"ಇಟ್ಟ ಹೋದಳು. ಹೋಗ್ಲಿ ಬಿಡು, ನಾನ ಹಾಕ್ಕೊಂಡೇನಿ. ನನಗ ಒಪ್ಪತಾವು."

ಆ ಮಾತು ಕೇಳಿದ ಮೇಲೆ ಮನೆಯಲ್ಲಿ ಕೂತು ಉತ್ತರ ಬರೆಯುವುದು ಸಾಕೆನಿಸಿತು. ಅಕ್ಕಿಆಲೂರಿನ ವಾರದ ಸಂತೆಯಲ್ಲಿ, ಬೆಳ್ಳುಳ್ಳಿ ಮಾರುವವರ ಪಕ್ಕ, ತಾಡಪಾಲು ಹಾಸಿ ಕೂತೆ. ಗಿಡ್ಡ ತೋಳಿನ ಅಂಗಿ, ಕೊರಳು ಬಯಲು. ನಮ್ಮ ಮನೆತನದ ಹೆಣ್ಣುಮಕ್ಕಳು ಸಂತೆಗೆ ಕೊಳ್ಳಲು ಹೋಗುತ್ತಾರೆಯೇ ಹೊರತು ಮಾರಲು ಕೂರುವುದಿಲ್ಲ. ಅದೂ ಒಂದು ಮಾತಾಯಿತು. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮುಂದೆ ನಿಲ್ಲಿಸಿದೆ: "ಇದು ಅಂಟುವುದಿಲ್ಲ. ಇದರ ಬಣ್ಣವೂ ಬಿಡುವುದಿಲ್ಲ."

ಓದಿದವರು ಒಮ್ಮೆ ನನ್ನ ಕೈ, ಒಮ್ಮೆ ಓಲೆ ನೋಡುತ್ತಿದ್ದರು. ಯಾವುದರ ಬಗ್ಗೆ ಬರೆದದ್ದು ಎಂದು ಒಬ್ಬ ಮುದುಕ ಕೇಳಿಯೇಬಿಟ್ಟ. "ಎರಡರ ಬಗ್ಗೆನೂರಿ" ಎಂದೆ. ಅವನು ಹೋ ಎಂದು ನಕ್ಕು ಮೊಮ್ಮಗಳಿಗೆ ಒಂದು ಜೊತೆ ಕೊಂಡ. ಮತ್ತೊಬ್ಬಳು ಚೌಕಾಸಿ ಮಾಡುತ್ತ, "ನನಗೊಂದು ಔಷಧ ಗೊತ್ತೈತಿ, ಹೇಳತೇನಿ, ಸ್ವಲ್ಪ ಕಡಿಮಿ ಮಾಡು" ಎಂದಳು. "ಔಷಧಕ್ಕ ಕಡಿಮಿ ಇಲ್ಲರಿ ಯಕ್ಕ, ನಾಲ್ಕ ಜೊತಿ ತಗೊಂಡ್ರ ಐತಿ" ಎಂದೆ. ನಾಲ್ಕು ಜೊತೆ ತೆಗೆದುಕೊಂಡಳು, ಔಷಧವನ್ನೂ ಬಿಡದೆ ಹೇಳಿ ಹೋದಳು.

ಹಿರೇಕೆರೂರಿಗೆಂದು ಮಾಡಿದ ಸರಗಳು ಗೊಟಗೋಡಿಯಲ್ಲಿ ಮಾರಿಹೋದವು. ರಜೆಯ ದಿನ ಅಲ್ಲಿನ ಶಿಲ್ಪಗಳ ತೋಟ, ಶಿಲಾವನ, ನೋಡಲು ಬಸ್ಸು ಬಸ್ಸೇ ಜನ ಬರುತ್ತಾರೆ. ರಸ್ತೆ ಬದಿಗೆ ಮೇಜು ಹಾಕಿ ಕೂತಿದ್ದೆ. ಆ ದಿನ ನಾನು ಕರೆಯದೆಯೇ ಅವ್ವ ನನ್ನ ಜೊತೆ ಬಂದಿದ್ದಳು. ಒಬ್ಬ ಹೆಂಗಸು ಸರ ಎತ್ತಿ, ನನ್ನ ಕೈ ಕಂಡು, ಕೆಳಗಿಟ್ಟು, "ಬ್ಯಾರೇದಾರು ಮಾಡಿದ್ದು ಇಲ್ಲೇನು?" ಎಂದು ಅವ್ವನನ್ನೇ ಕೇಳಿದಳು. ಅವ್ವ ನನ್ನ ಕಡೆ ನೋಡಲಿಲ್ಲ. "ಇಲ್ಲರಿ. ಎಲ್ಲಾ ನನ್ನ ಮಗಳ ಮಾಡ್ಯಾಳ. ಬೇಕಾದ್ರ ತಗೋರಿ, ಬ್ಯಾಡಾದ್ರ ಮುಂದ ನಡೀರಿ, ಹಿಂದ ಮಂದಿ ನಿಂತಾರ" ಎಂದಳು. ಹಿಂದೆ ಯಾರೂ ನಿಂತಿರಲಿಲ್ಲ.

ತಂಗಿಯನ್ನು ನೋಡಲು ಬಂದವರಲ್ಲಿ ಎರಡು ಮನೆಯವರು ನಾನು ಚಹಾ ತಂದುಕೊಟ್ಟಾಗ ಕಪ್ಪು ಮುಟ್ಟದೆ ಎದ್ದು ಹೋದರು. ಮೊದಲನೆಯವರು ಹೋದ ದಿನ ತಂಗಿ ಅತ್ತಳು, ಅದನ್ನು ಮುಚ್ಚಿಡುವುದಿಲ್ಲ. ಎರಡನೆಯ ಸಲ ಅವರು ಬಿಟ್ಟುಹೋದ ಚಹಾ ಅವಳೇ ಕುಡಿದಳು. ಮೂರನೆಯ ಮನೆಯವರು ಶಿಗ್ಗಾಂವಿಯವರು. ಹುಡುಗನ ತಾಯಿ ಕಪ್ಪು ತೆಗೆದುಕೊಂಡು, ಒಂದು ಗುಟುಕು ಕುಡಿದು, ಸಕ್ಕರೆ ಕಡಿಮೆಯಾಯಿತು ಎಂದು ನನ್ನ ಕೈಗೇ ತಿರುಗಿ ಕೊಟ್ಟಳು. ಈಗ ತಂಗಿ ಶಿಗ್ಗಾಂವಿಯಲ್ಲಿದ್ದಾಳೆ.

ಹೋದ ತಿಂಗಳು ಬಿಳಿ ನನ್ನ ಎಡಗಿವಿಯ ಕೆಳಗೆ, ದವಡೆಯ ಮೇಲೆ ಬಂತು. ಅವ್ವ ಹಾನಗಲ್ಲಿಗೆ ಹೋಗೋಣ ಎಂದಳು. ಹೋಗೋಣ, ಆದರೆ ನಾಡಿದ್ದು, ಎಂದೆ. ಹೊಸದಾಗಿ ಮಾಡಿದ ದೊಡ್ಡ ಓಲೆ ಒಂದಿತ್ತು, ದವಡೆಯ ತನಕ ಇಳಿಬೀಳುವಂಥದ್ದು. ತಂಗಿಗೆ ಫೋನು ಮಾಡಿ, "ಈ ಸಲ ಫೋಟೋ ಬದಿಯಿಂದ ತಗೀಬೇಕು, ಮುಂಜಾನೆ ಬಸ್ಸಿಗೆ ಬಾ" ಎಂದೆ. ಅವಳು ಬಂದಾಗ ನಾನು ಕೂದಲನ್ನು ಎತ್ತಿ ತುರುಬು ಕಟ್ಟಿ, ಎಡಗೆನ್ನೆ ಬೆಳಕಿಗೆ ಮಾಡಿಕೊಂಡು ಕೂತಿದ್ದೆ.