ಆಧಾರವಿಲ್ಲದ ಒಂದು ವಾಕ್ಯ

ನಮ್ಮ ಸೋದರಮಾವನಿಗೆ ಮನೆಯವರೆಲ್ಲ ಇಟ್ಟ ಹೆಸರು ಅಡಿಟಿಪ್ಪಣಿ ಮಾವ. ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶ ವಿಕಿಯಲ್ಲಿ ಅವನು ಗುಬ್ಬಚ್ಚಿಯ ಬಗ್ಗೆ ನಾಲ್ಕು ಸಾಲು ಬರೆದರೆ ಕೆಳಗೆ ಮಾರುದ್ದ ಟಿಪ್ಪಣಿ, ಆ ಟಿಪ್ಪಣಿಗೊಂದು ಮರಿಟಿಪ್ಪಣಿ, ಮರಿಯ ಬಾಲಕ್ಕೆ ಪುಸ್ತಕದ ಹೆಸರು, ಪುಟಸಂಖ್ಯೆ. ಅತ್ತೆ "ಹೊರಗೆ ಚಳಿ ಇದೆ, ಸ್ವೆಟರ್ ಹಾಕ್ಕೊಳ್ಳಿ" ಎಂದರೂ "ಯಾರು ಹೇಳಿದ್ದು?" ಎನ್ನುತ್ತಾನೆ. "ನನ್ನ ಮೂಗು ಹೇಳ್ತು ರೀ, ಪುಟಸಂಖ್ಯೆನೂ ಬೇಕಾ?" ಎಂದು ಅತ್ತೆ ಸ್ವೆಟರನ್ನು ಅವನ ಮಡಿಲಿಗೆ ಎಸೆಯುತ್ತಾಳೆ. ಇಂಥವನು ಈಚೆಗೆ ಬರೆಯುವ ಪ್ರತಿ ಲೇಖನದಲ್ಲೂ ಒಂದೇ ಒಂದು ವಾಕ್ಯಕ್ಕೆ ಆಧಾರ ಕೊಡದೆ ಅದನ್ನು ಬರಿಮೈಯಲ್ಲಿ ಬಿಟ್ಟಿರುತ್ತಾನೆ. "ಮರೆತ್‌ಬಿಟ್ಯಾ ಮಾವ?" ಎಂದು ಕೇಳಿದೆ. ಅವನು ಕನ್ನಡಕ ಒರೆಸುತ್ತ ಹೇಳತೊಡಗಿದ. ಹಿಂದೆ ಯಾರೋ ಒಬ್ಬರು, ಮುಖ ಕಂಡವರಲ್ಲ, ಊರು ಗೊತ್ತಿಲ್ಲ, ಮಾವ ಬರೆದದ್ದನ್ನೆಲ್ಲ ಒಂದು ಸಾಲೂ ಬಿಡದೆ ಓದಿ, ಸಂಶಯ ಬಂದಲ್ಲಿ "ಆಧಾರ ಬೇಕು" ಎಂದು ಗುರುತು ಹಾಕಿ ಹೋಗುತ್ತಿದ್ದರಂತೆ. ಮಾವ ಹಲ್ಲು ಕಡಿಯುತ್ತಲೇ ಗ್ರಂಥಾಲಯಕ್ಕೆ ಓಡುತ್ತಿದ್ದನಂತೆ. ಕಳೆದ ವರ್ಷದಿಂದ ಅವರ ಸುಳಿವೇ ಇಲ್ಲ. "ಆಧಾರ ಎಲ್ಲಾ ನನ್ಹತ್ರ ಇದೆ ಕಣೋ," ಎಂದ ಮಾವ, "ಕೇಳೋರು ಬರ್ಲಿ ಅಂತ ಬಿಟ್ಟಿದ್ದೀನಿ."