ಹಿಮದಾಚೆಯ ಬಿಲ್ವ

ಈ ಮಾಘದಲ್ಲಿ ಮೊಮ್ಮಗಳು ಹಿಮಾಲಯದ ಚಾರಣಕ್ಕೆ ಹೊರಟಾಗ ಅವಳ ಚೀಲದಲ್ಲಿ ನಮ್ಮ ಕೆಂಚಾರ್ಲಹಳ್ಳಿಯ ಹಿತ್ತಲಿನ ಬಿಲ್ವದಳಗಳನ್ನು ಇಟ್ಟವನು ನಾನೇ. ಹಿಮದ ಇಳಿಜಾರೊಂದನ್ನು ದಾಟಿದರೆ ಪುಟ್ಟ ಶಿವಾಲಯವಿದೆಯೆಂದು ಅವಳು ಹೇಳಿದ್ದಳು. ಪ್ರದೋಷದ ದಿನವೇ ಅಲ್ಲಿ ಅರ್ಪಿಸಬೇಕೆಂದು ಸಂಕಲ್ಪ ಮಾಡಿಸಿ ಕಳುಹಿಸಿದೆ.

ಪ್ರದೋಷದ ಬೆಳಗ್ಗೆ ಫೋನು ಬಂತು. ರಾತ್ರಿಯೆಲ್ಲ ಬೀಸಿದ ಗಾಳಿ ಹೊಸ ಹಿಮವನ್ನು ತಂದು ಆ ಇಳಿಜಾರಿನ ಮೇಲೆ ಪೇರಿಸಿದೆಯಂತೆ. ಮಾರ್ಗದರ್ಶಿ ಗುಂಡಿ ತೋಡಿ ನೋಡಿದರೆ, ಮೇಲಿನ ಗಟ್ಟಿ ಪದರದ ಕೆಳಗೆ ಸಕ್ಕರೆಯಂತೆ ಒಂದಕ್ಕೊಂದು ಅಂಟದ ಹರಳುಗಳು. ಕಾಲಿಟ್ಟರೆ ಪದರವೇ ಜಾರಿ ಇಡೀ ಇಳಿಜಾರು ಕುಸಿಯಬಹುದು, ಹಿಮ ನೆಲೆಗೊಳ್ಳುವವರೆಗೆ ಕಾಯಬೇಕು ಎಂದನಂತೆ. ಗುಂಪಿನ ಕೆಲವರು ಮಾತ್ರ ದಾಟಿಯೇ ಬಿಡೋಣವೆನ್ನುತ್ತಿದ್ದರಂತೆ.

“ಕಾದ್ರೆ ನಿಮ್ಮ ಪ್ರದೋಷ ತಪ್ಪೋಗುತ್ತೆ ತಾತ. ಏನ್ಮಾಡ್ಲಿ ಹೇಳಿ,” ಎಂದಳು.

ಬೇಡವೆನ್ನುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು.

ಆಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಸಿಗಲಿಲ್ಲ. ಕಳಿಸಿದ ಮೆಸೇಜು ಅವಳನ್ನು ತಲುಪಲೇ ಇಲ್ಲ. ನನ್ನ ಮಾತನ್ನೆಂದೂ ಮೀರದವಳು; ಅಂದು ಆ ವಿಧೇಯತೆಯೇ ನನ್ನನ್ನು ಹೆದರಿಸಿತು. ಜಪಕ್ಕೆ ಕುಳಿತರೆ ಮಣಿ ಸರಿಯಲಿಲ್ಲ. ಎದ್ದು ಅಂಗಳಕ್ಕೆ ಹೋದೆ, ಅಲ್ಲಿಂದ ಹುಳುಮನೆಗೆ, ಮತ್ತೆ ಅಂಗಳಕ್ಕೆ. ರೇಷ್ಮೆಹುಳುಗಳು ಪೊರೆ ಕಳಚುವ ಜ್ವರದಲ್ಲಿ ತಲೆಯೆತ್ತಿ ನಿಶ್ಚಲವಾಗಿದ್ದವು. ಮತ್ತೊಮ್ಮೆ ಹುಳುಮನೆಯೊಳಗೆ ಹೊರಟಾಗ ಹೆಂಡತಿ ಬಾಗಿಲಲ್ಲೇ ತಡೆದಳು.

“ಜ್ವರಕ್ಕೆ ಕೂತಿರೋ ಹುಳಾನ ಅಲ್ಲಾಡಿಸ್ಬಾರ್ದು ಅಂತ ಅವಳಿಗೆ ಕಲಿಸಿದ್ದೇ ನೀವು. ಕಾಯೋದು ಅವಳಿಗೆ ಗೊತ್ತು, ನಿಮಗೇ ಮರ್ತೋಗಿದೆ. ಹೋಗಿ ಕೂತ್ಕೊಳ್ಳಿ.”

ಕೂರಲಾಗಲಿಲ್ಲ. ಸಂಜೆ ಅಭಿಷೇಕದ ಹೊತ್ತಿಗೆ ಘಂಟೆಯ ಪಕ್ಕದಲ್ಲಿ ಫೋನನ್ನೂ ಇಟ್ಟುಕೊಂಡೆ. ಮಂತ್ರದ ನಡುವೆ ಅದು ಸದ್ದು ಮಾಡಿತು. ಪೂಜೆಯ ಮಧ್ಯೆ ಎಂದೂ ಬೇರೆ ಮಾತಾಡದ ನಾನು ಉದ್ಧರಣೆಯನ್ನು ಕೆಳಗಿಟ್ಟು ಅದನ್ನು ಕೈಗೆತ್ತಿಕೊಂಡೆ.

ದಾಟಲಿಲ್ಲವಂತೆ. ಎಲ್ಲರೂ ಕೆಳಗಿನ ಹಳ್ಳಿಗೆ ಇಳಿದು ಬಂದಿದ್ದರು. ಮರುದಿನ ಊರಿನ ದಾರಿ. ನನಗೆ ಉಸಿರು ಬಂತು, ಆದರೆ ಅವಳ ದನಿ ಕುಗ್ಗಿತ್ತು.

“ಬಿಲ್ವ ಹಾಗೇ ಒಣಗ್ತಿದೆ ತಾತ. ಕೋಪಾನಾ?”

ಬಿಲ್ವಕ್ಕೆ ಹಳಸಿತೆಂಬ ದೋಷವಿಲ್ಲ. ಒಣಗಿದ ದಳವೂ ಶಿವನಿಗೆ ಸಲ್ಲುತ್ತದೆ. ಬಾಲ್ಯದಿಂದ ಬಾಯಲ್ಲಿದ್ದ ಆ ವಿಧಿ ಬೆಳಗ್ಗೆ ನಾಲಗೆಗೆ ಬಂದಿರಲಿಲ್ಲ.

“ಹಿಂದಕ್ಕೆ ತಗೊಂಡು ಬಾಮ್ಮ. ಮುಂದಿನ ಪ್ರದೋಷಕ್ಕೆ ಇಲ್ಲೇ ಏರ್ಸೋಣ,” ಎಂದೆ.

ಉದ್ಧರಣೆ ಎತ್ತಿಕೊಂಡು ಹಾಲಿನ ಧಾರೆಯನ್ನು ಮತ್ತೆ ಹಿಡಿದೆ. ಎಲ್ಲಿಗೆ ನಿಲ್ಲಿಸಿದ್ದೆನೆಂಬುದು ನೆನಪಾಗದೆ ಮಂತ್ರವನ್ನು ಮೊದಲಿನಿಂದ ಆರಂಭಿಸಿದೆ.