ಹೊಸ ಮಂಡಿ, ಹಳೇ ಕಂಬಳಿ

ನನ್ನ ಎಡಗಾಲಿನ ಮಂಡಿ ಅರವತ್ತೊಂಬತ್ತು ವರ್ಷ ನನ್ನ ಜೊತೆಗಿತ್ತು. ಕಡೆಯ ಹತ್ತು ವರ್ಷ ಹೆಜ್ಜೆಗೊಂದು ಮಾತಾಡುತ್ತಿತ್ತು. ಆ ಮಾತು ಬೀದಿಯ ಆಚೆ ತುದಿಗೂ ಕೇಳಿಸುತ್ತಿತ್ತೆಂದೂ, ನಾನು ತಿರುವಿನಲ್ಲಿರುವಾಗಲೇ ತಾನು ಟೀಗೆ ನೀರಿಡುತ್ತಿದ್ದೆನೆಂದೂ ನನ್ನ ಹೆಂಡತಿ ಹೇಳುತ್ತಾಳೆ. ಹೋದ ವರ್ಷ ಸೇಲಂನ ಒಂದು ಆಸ್ಪತ್ರೆಯಲ್ಲಿ ಅದನ್ನು ತೆಗೆದು ಲೋಹದ್ದೊಂದನ್ನು ಕೂರಿಸಿದರು. ಹೊಸದು ಮಿತಭಾಷಿ. ಈಗ ಟೀ ತಡವಾಗುತ್ತದೆ.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನ ಹಕ್ಕುಬಾಧ್ಯತೆಗಳನ್ನು ವಿವರಿಸಿದರು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಮೂರು ತಿಂಗಳಾದ ಮೇಲೆ ಟೌನ್ ಬಸ್ಸಿನಲ್ಲೂ ಹೋಗಬಹುದು. ನೆಲದ ಮೇಲೆ ಮಾತ್ರ ಕೂರಕೂಡದು. ಪಕ್ಕದ ಮಂಚದವರಿಗೂ ಇದನ್ನೇ ಹೇಳಿದರು. ಅವರು ‘ಸರಿ ಸಾರ್’ ಎಂದು ತಲೆಯಾಡಿಸಿ ಕಿತ್ತಳೆ ಹಣ್ಣು ಸುಲಿಯತೊಡಗಿದರು. ನನಗೆ ಮಾತ್ರ ಸಿಂಹಾಸನದಿಂದ ಇಳಿಸಿದ ಹಾಗಾಯಿತು.

ಇದು ಅಲಂಕಾರದ ಮಾತಲ್ಲ. ಪಾಪಿರೆಡ್ಡಿಪಟ್ಟಿ ಕಡೆಯ ನಾವು ನಾಲ್ಕಾರು ಮನೆಯವರು ಕುರಿ ಸಾಕಿಕೊಂಡು ಬಂದವರು. ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ನಮ್ಮಲ್ಲಿ ಮದುವೆ ನಿಶ್ಚಯವಾಗುವುದು ಕಂಬಳಿಯ ಮೇಲೆ. ಎರಡು ಕರಿ ಕಂಬಳಿಗಳನ್ನು ನಾಲ್ಕು ಮಡಿಕೆ ಮಾಡಿ ಎದುರುಬದುರು ಹಾಸುತ್ತಾರೆ. ಒಂದರ ಮೇಲೆ ಹೆಣ್ಣಿನ ಕಡೆಯ ಹಿರಿಯ, ಇನ್ನೊಂದರ ಮೇಲೆ ಗಂಡಿನ ಕಡೆಯ ಹಿರಿಯ ಕೂತು ವೀಳ್ಯದ ತಟ್ಟೆ ಬದಲಾಯಿಸಿದರೆ ಮಾತು ಮುಗಿಯಿತು. ಆಮೇಲೆ ಐನೋರು, ವಿಡಿಯೋದವರು, ಯಾರು ಬೇಕಾದರೂ ತಮ್ಮ ಕೆಲಸ ಮಾಡಿಕೊಳ್ಳಬಹುದು.

ಕಂಬಳಿಗೆ ಎರಡು ಕಾನೂನು. ಇಬ್ಬರು ಹಿರಿಯರೂ ಸರಿಸಮ ಎತ್ತರದಲ್ಲಿ ಕೂರಬೇಕು ಎನ್ನುವುದು ಮೊದಲನೆಯದು. ನಮ್ಮ ದೊಡ್ಡಪ್ಪ ಒಮ್ಮೆ ಎದುರಿನವರ ಕಂಬಳಿ ಎಂಟು ಮಡಿಕೆಯದೆಂದು ಕಂಡುಹಿಡಿದು, ಎಲೆ ಹಾಕಿದ್ದ ಊಟ ಬಿಟ್ಟು ಎದ್ದು ಬಂದಿದ್ದರಂತೆ. ಎರಡನೆಯದು ಇನ್ನೂ ಕಠಿಣ. ಹಿರಿಯನಾದವನು ಒಮ್ಮೆ ನಾಲ್ಕು ಜನರ ಮುಂದೆ ‘ನನ್ನಿಂದ ಆಗದು’ ಎಂದು ಬಾಯಿಬಿಟ್ಟು ಹೇಳಿದರೆ ಜಾಗ ಮುಂದಿನವನಿಗೆ ಹೋಗುತ್ತದೆ. ಹೋದದ್ದು ಹಿಂದಕ್ಕೆ ಬರುವುದಿಲ್ಲ. ದೊಡ್ಡಪ್ಪ ಕಣ್ಣು ಮಂಜಾದ ಮೇಲೆ ಹಾಗೆ ಹೇಳಿದ್ದರಿಂದಲೇ ಅದು ನನಗೆ ಬಂತು. ಹದಿನಾಲ್ಕು ವರ್ಷದಿಂದ ನಾನು ಅದರ ಮೇಲಿದ್ದೇನೆ.

ಮುಂದಿನವನು ನನ್ನ ಚಿಕ್ಕಪ್ಪನ ಮಗ, ವರಸೆಯಲ್ಲಿ ತಮ್ಮ. ನನಗಿಂತ ಹನ್ನೊಂದು ತಿಂಗಳು ಚಿಕ್ಕವನು. ಆ ಹನ್ನೊಂದು ತಿಂಗಳನ್ನು ಅವನು ಇವತ್ತಿಗೂ ಕ್ಷಮಿಸಿಲ್ಲ. ನನ್ನ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಮೂರೂವರೆ ತಿಂಗಳಷ್ಟೇ ಉಳಿದಿತ್ತು.

ಮನೆಗೆ ಬಂದ ಮೂರನೆಯ ದಿನವೇ ಅವನು ಸೇಬುಹಣ್ಣು ಹಿಡಿದುಕೊಂಡು ನೋಡಲು ಬಂದ. ಬಂದವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. ಹೊಲ ಕೊಳ್ಳುವವನು ಬದು ನೋಡುವ ಹಾಗೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

“ನೋವೈತಾ ಅಣ್ಣ?”

“ಇಲ್ಲ.”

“ಇರ್ತೈತೆ ಬುಡು. ನೀನ್ ಸುಮ್ಕೆ ಚೇರಲ್ ಕುಂತ್ಕಂಡು ಆರಾಮಾಗಿರು. ಕಂಬಳಿ ವಿಸ್ಯ ನಾನ್ ನೋಡ್ಕತೀನಿ.”

“ಕಂಬಳೀನ ಚೇರ್ ಮೇಲೆ ಹಾಸಿದ್ರೆ ಆಯ್ತಪ್ಪ. ಅದರಲ್ಲೇನಿದೆ?”

ಅವನು ನನ್ನನ್ನು ಕನಿಕರದಿಂದ ನೋಡಿದ. “ನೆಲಕ್ ಹಾಸಿದ್ರೆ ಕಂಬಳಿ ಅಣ್ಣ. ಚೇರಿಗ್ ಹಾಕಿದ್ರೆ ಟವಲ್ಲು.”

ತಾನೇ ತಂದ ಸೇಬಿನಲ್ಲಿ ಎರಡನ್ನು ತಿಂದು ಹೋದ.

ಅವತ್ತಿನಿಂದ ನಾನು ಕಾಲಿನ ವಿಷಯದಲ್ಲಿ ಶ್ರದ್ಧಾವಂತನಾದೆ. ವಾರಕ್ಕೆ ಮೂರು ಸಲ ವ್ಯಾಯಾಮ ಮಾಡಿಸುವ ಹುಡುಗಿ ಸ್ಕೂಟರಿನಲ್ಲಿ ಬರುತ್ತಿದ್ದಳು. ಇಪ್ಪತ್ತೈದರ ಆಸುಪಾಸು, ದನಿ ಮಾತ್ರ ಪೊಲೀಸು. “ತಾತಾ, ಮಡಕ್ಕುಂಗೋ! ಇನ್ನುಂ ಕೊಂಜಂ!” ಎಂದು ಕಾಲನ್ನು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಮಡಿಸುವಳು. ನಾನು ದೇವರನ್ನು ನೆನೆಯುವೆನು. ಮಡಿಸಿದ ಮೇಲೆ ಮಂಡಿಯ ಪಕ್ಕ ಒಂದು ದೊಡ್ಡ ಕೋನಮಾಪಕ ಇಟ್ಟು ಓದುವಳು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು. ಎಷ್ಟು ಮಕ್ಕಳನ್ನು ಲಂಬಕೋನ ಬರೆಯಲು ಬಾರದೆಂದು ಮೊಣಕಾಲೂರಿ ನಿಲ್ಲಿಸಿದ್ದೆನೋ ನೆನಪಿಲ್ಲ. ಈಗ ನನ್ನಿಂದಲೇ ಒಂದು ಲಂಬಕೋನ ಬರಿಸಲು ಐದು ವಾರ ಹಿಡಿಯಿತು. ಬಂದ ದಿನ ಮೊಮ್ಮಗಳು ಪಕ್ಕದ ಮನೆಗೆ ಹೋಗಿ, “ನಮ್ ತಾತ ತೊಂಬತ್ತು ವಾಂಗ್ಬಿಟ್ಟ!” ಎಂದು ಸಾರಿ ಬಂದಳು. ಯಾವುದೋ ಪರೀಕ್ಷೆಯ ಅಂಕವೆಂದುಕೊಂಡು ಆ ಮನೆಯಾಕೆ ಸಕ್ಕರೆ ಕೊಟ್ಟು ಕಳಿಸಿದಳು.

ವಾಕರ್ ಹೋಗಿ ಕೋಲು ಬಂತು. ಕೋಲು ಹಿಡಿದು ಮನೆಯಿಂದ ಬೇವಿನ ಮರದವರೆಗೆ, ಬೇವಿನ ಮರದಿಂದ ಟೀ ಅಂಗಡಿಯವರೆಗೆ ನನ್ನ ಸಾಮ್ರಾಜ್ಯ ದಿನಕ್ಕಿಷ್ಟು ಬೆಳೆಯಿತು. ಟೀ ಅಂಗಡಿಯ ಬೆಂಚಿನ ಮೇಲೆ ನನ್ನ ಕಾಲನ್ನು ಸಾರ್ವಜನಿಕರ ವೀಕ್ಷಣೆಗೆ ಇಡಲಾಯಿತು. ಒಳಗಿರುವುದು ನಮ್ಮ ಸೇಲಂ ಉಕ್ಕೇ ಎಂದು ಒಬ್ಬರು, ಹೊರದೇಶದ್ದು ಎಂದು ಒಬ್ಬರು ವಾದಿಸಿದರು. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚುವ ಸಲಹೆಯೂ ಬಂತು. ನಾನು ಎಲ್ಲರ ಅಭಿಪ್ರಾಯವನ್ನೂ ಗೌರವದಿಂದ ಕೇಳಿಕೊಂಡೆ.

ಆದರೆ ಕಾಲು ಸುಧಾರಿಸಿದಷ್ಟೂ ತಲೆ ಕೆಟ್ಟಿತು. ಇಷ್ಟೆಲ್ಲ ಆಗುವ ಕಾಲಿಗೆ ಕಂಬಳಿಯ ಮೇಲೆ ಹತ್ತು ನಿಮಿಷ ಕೂರುವುದು ಯಾವ ಮಹಾ? ಒಂದು ಬೆಳಿಗ್ಗೆ ಹೆಂಡತಿ ರೇಷನ್ ಅಂಗಡಿಗೆ ಹೋದ ಸಮಯ ನೋಡಿ ಕುರಿ ದೊಡ್ಡಿಗೆ ಹೋದೆ. ನಾಲ್ಕು ಮಡಿಕೆ ಮಾಡಿ ಕಂಬಳಿ ಹಾಸಿದೆ. ಗೂಟ ಹಿಡಿದು, ಹೊಸ ಕಾಲನ್ನು ಮುಂದಕ್ಕೆ ಚಾಚಿ ಇಳಿಯತೊಡಗಿದೆ. ಅರ್ಧ ದಾರಿಯವರೆಗೆ ನಾನು ಇಳಿದೆ. ಉಳಿದರ್ಧವನ್ನು ಭೂಮಿಯೇ ನೋಡಿಕೊಂಡಿತು.

ಕೂತಿದ್ದೆ ಎನ್ನುವುದು ನಿಜ. ಏಳುವ ಉಪಾಯ ಮಾತ್ರ ನನ್ನ ಹತ್ತಿರವೂ ಇರಲಿಲ್ಲ, ಸುತ್ತ ನಿಂತಿದ್ದ ಒಂಬತ್ತು ಕುರಿಗಳ ಹತ್ತಿರವೂ ಇರಲಿಲ್ಲ. ಅವು ಶಾಲೆ ಇನ್‌ಸ್ಪೆಕ್ಟರರ ಹಾಗೆ ನನ್ನನ್ನೇ ನೋಡುತ್ತ ನಿಂತವು. ಒಂದು ಮರಿ ಬಂದು ಕಂಬಳಿಯ ಅಂಚು ಕಡಿಯಿತು. ತನ್ನ ಅಜ್ಜಿಯ ಉಣ್ಣೆಯಿರಬಹುದು, ನಾನು ಆಕ್ಷೇಪಿಸಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು.

“ಏನಯ್ಯ, ಕುರಿಗಳ್ಗೂ ಲೆಕ್ಕ ಏಳ್ಕೊಡ್ತಿದ್ದೀಯಾ?”

“ಸುಮ್ಮನೆ ಕೂತಿದ್ದೀನಿ.”

“ಸರಿ, ಎದ್ ಬಾ. ರಾಗಿಮುದ್ದೆ ತಣ್ಣಗಾಗ್ತೈತೆ.”

“ಆಮೇಲೆ ಬರ್ತೀನಿ.”

“ಯಾವಾಗ? ನಿಶ್ಚಿತಾರ್ಥಕ್ಕಾ?”

ಪಕ್ಕದ ಮನೆಯ ಇಬ್ಬರು ಬಂದು ನನ್ನನ್ನು ಎತ್ತಿ ನಿಲ್ಲಿಸಿದರು. ಮಾರನೆಯ ದಿನ ವ್ಯಾಯಾಮದ ಹುಡುಗಿ ಸೊಂಟದ ಮೇಲೆ ಕೈಯಿಟ್ಟು, “ತಾತಾ, ಉಂಗಳುಕ್ಕು ಪೈತ್ಯಮಾ?” ಎಂದಳು. ಹುಚ್ಚು ಹಿಡಿದಿದೆಯೇ ಎಂದು ಇಷ್ಟು ನೇರವಾಗಿ ನನ್ನನ್ನು ಅದುವರೆಗೆ ಹೆಂಡತಿಯೊಬ್ಬಳೇ ಕೇಳಿದ್ದಳು. ನಾನು ಕಂಬಳಿಯ ಇತಿಹಾಸವನ್ನೆಲ್ಲ ಹೇಳಿದೆ. ಹುಡುಗಿ ಪೂರ್ತಿ ಕೇಳಿ, ನೆಲವನ್ನು ತಾನು ಕೊಡಲಾರೆ, ಅದರ ಬದಲು ಬೇರೊಂದು ವಿದ್ಯೆ ಕೊಡುತ್ತೇನೆ ಎಂದಳು. ಕುರ್ಚಿಯಿಂದ ಕೈಯೂರದೆ ಏಳುವುದು. ಎರಡೂ ಕೈ ಎದೆಯ ಮೇಲೆ ಕಟ್ಟಿ, ಮೂಗು ಮುಂದೆ ಮಾಡಿ, ಒಂದೇ ಉಸಿರಿಗೆ ಏಳುವುದು. ದಿನಕ್ಕೆ ಮೂವತ್ತು ಸಲ, ತಮಿಳಿನಲ್ಲಿ ಮುಪ್ಪದು. ಮೊಮ್ಮಗಳು ಎಣಿಸುವಳು: “ಒಣ್ಣು, ರೆಂಡು, ಮೂಣು... ತಾತ, ಕಳ್ಳಾಟ ಬ್ಯಾಡ, ಕೈ ಊರ್ಬುಟ್ಟೆ.”

ಒಂದು ದಿನ ಎಣಿಕೆಯ ನಡುವೆ ಕೇಳಿದೆ: “ನಾನು ಕಂಬಳಿ ಮೇಲೆ ಕೂರದಿದ್ದರೆ ನಿನಗೇನೂ ಅನ್ನಿಸಲ್ವೇನೇ?”

“ನೀ ಕುಂತ್ರೂ ನಿಂತ್ರೂ ನಿಶ್ಚಯ ಆಗೇ ಆಗ್ತೈತೆ ತಾತ. ಪದಿನೇಳು. ಏಳು.” ಇನ್ನೆರಡು ಸಲ ಏಳಿಸಿದ ಮೇಲೆ, “ಆ ಚಿನ್ ತಾತ ತಟ್ಟೆ ಇಡ್ಕಂಡ್ರೆ ಮಾತ್ರ ಫೋಟೋದಲ್ಲಿ ನಲ್ಲಾವೇ ಇರಾಕಿಲ್ಲ” ಎಂದಳು. ಚಿಕ್ಕಪ್ಪನ ಮಗ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದರೆ ನನಗೆ ಅಷ್ಟು ಸಾಕಾಗಿತ್ತು.

ನಿಶ್ಚಿತಾರ್ಥದ ದಿನ ಬಂತು. ಗಂಡಿನವರು ಓಮಲೂರಿನಿಂದ ವ್ಯಾನಿನಲ್ಲಿ ಬಂದರು. ಮನೆ ಮುಂದಿನ ಶಾಮಿಯಾನದಡಿ ಕಂಬಳಿಗಳೆರಡೂ ನೆಲದ ಮೇಲಿದ್ದವು. ನನ್ನನ್ನು ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಚಿಕ್ಕಪ್ಪನ ಮಗ ಹೊಸ ಪಂಚೆಯುಟ್ಟು ಕಂಬಳಿಯ ಸುತ್ತ ತಿರುಗುತ್ತ, ಇಲ್ಲದ ಧೂಳನ್ನು ಕೊಡವುತ್ತಿದ್ದ. ಆಮೇಲೆ, “ಸುಮ್ಕೆ ನೋಡ್ತೀನಿ, ಚುಚ್ತೈತೇನೋ” ಎಂದು ಕೂತೇಬಿಟ್ಟ. ಚಕ್ಕಳಮಕ್ಕಳ. ಸೊಗಸಾಗಿಯೇ ಕೂತಿದ್ದ, ಸುಳ್ಳು ಹೇಳಬಾರದು.

ನಮ್ಮ ಸೋದರತ್ತೆ ಮನೆಗೆಲ್ಲ ಹಿರಿಯಳು. ಕೇಳುವ ಅಧಿಕಾರ ಅವಳದು. ನಾಲ್ಕು ಜನರ ಮುಂದೆ ಕೂಗಿ ಕೇಳಿದಳು: “ಏನ್ಲಾ, ಕುಂತ್ಕತೀಯಾ, ಇಲ್ಲ ಆಗಾಕಿಲ್ವಾ? ಬಾಯ್ ಬುಟ್ಟು ಏಳು.”

ಎಲ್ಲರೂ ನನ್ನ ಬಾಯಿ ನೋಡಿದರು. ಒಂದು ಮಾತು ಆಡಿದರೆ ಹದಿನಾಲ್ಕು ವರ್ಷ ಮುಗಿಯುತ್ತಿತ್ತು. ಆಡದಿದ್ದರೆ ಎಲ್ಲರ ಕಣ್ಣೆದುರು ನೆಲಕ್ಕೆ ಇಳಿಯಬೇಕಿತ್ತು.

ಆದರೆ ನಾಲ್ಕು ತಿಂಗಳು ಮಂಡಿಗಳ ನಡುವೆ ಬದುಕಿದವನಿಗೆ ಒಂದು ಕಣ್ಣು ಬಂದಿರುತ್ತದೆ. ವ್ಯಾನು ನಿಂತಾಗ ಗಂಡಿನ ಕಡೆಯ ಹಿರಿಯರು ಇಳಿದದ್ದನ್ನು ನಾನು ನೋಡಿದ್ದೆ. ಬಾಗಿಲ ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ, ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿದಿದ್ದರು. ಈಗ ಅವರು ಕಂಬದ ಪಕ್ಕ ನಿಂತು ತಮ್ಮ ಪಾಲಿನ ಕಂಬಳಿಯನ್ನು ಬಾವಿ ನೋಡುವ ಹಾಗೆ ನೋಡುತ್ತಿದ್ದರು.

ನಾನು ಗಂಟಲು ಸರಿಮಾಡಿಕೊಂಡು ಗಾಂಭೀರ್ಯದಿಂದ ಹೇಳಿದೆ: “ಮೊದಲು ಬೀಗರು ಕೂರಲಿ ಅತ್ತೆ. ಬಂದವರಿಗೆ ಮೊದಲ ಮರ್ಯಾದೆ. ಆಮೇಲೆ ನನ್ನ ಮಾತು.”

ಇದಕ್ಕೆ ಯಾರೂ ಎದುರಾಡುವಂತಿರಲಿಲ್ಲ. ಬೀಗರು ಒಂದು ಹೆಜ್ಜೆ ಮುಂದೆ ಇಟ್ಟರು. ಬಗ್ಗಲು ನೋಡಿದರು. ಮತ್ತೆ ನೆಟ್ಟಗಾದರು. ಕಡೆಗೆ ನಮ್ಮತ್ತೆಯ ಕಡೆ ತಿರುಗಿ, ಸಣ್ಣ ದನಿಯಲ್ಲಿ, “ತಪ್ಪಾ ನೆನಸ್ಕಬ್ಯಾಡಿ ತಾಯೀ. ನಂಗೊಂದ್ ಚೇರು ಸಿಕ್ತೈತಾ? ಈ ಮಂಡಿ ಬಗ್ಗಾಕಿಲ್ಲ” ಎಂದರು.

ಬೀಗರಿಗೆ ಕುರ್ಚಿ ಇಲ್ಲವೆನ್ನುವ ಗಂಡಸು ನಮ್ಮ ಕುಲದಲ್ಲಿ ಹುಟ್ಟಿಲ್ಲ. ಕುರ್ಚಿ ಬಂತು. ಅದರ ಮೇಲೆ ಅವರ ಕಂಬಳಿಯನ್ನು ಹಾಸಿದರು. ಟವಲ್ಲು ಎಂದು ಯಾರೂ ಅನ್ನಲಿಲ್ಲ.

ಅತ್ತೆ ಒಮ್ಮೆ ಕುರ್ಚಿಯ ಮೇಲಿನ ಬೀಗರನ್ನು ನೋಡಿದಳು, ಒಮ್ಮೆ ನೆಲದ ಮೇಲಿನ ನನ್ನ ತಮ್ಮನನ್ನು ನೋಡಿದಳು. “ಏನ್ಲಾ ಇದು! ಅವ್ರು ಆಟೆತ್ರ, ನೀನ್ ಈಟು ಕೆಳ್ಗೆ? ನಮ್ಮನೆ ಮಾನ ಏನಾತೈತೆ? ಸಮ ಇರ್ಬೇಕು. ಏಳ್ಲಾ ಮ್ಯಾಕೆ! ಆ ಕಂಬಳೀನೂ ಚೇರ್ ಮ್ಯಾಲಾಕಿ. ಚೇರಲ್ ಕೂರಾಕೆ ದೊಡ್ಡೋನೇ ಅವ್ನೆ!”

ಮೊದಲನೆಯ ಕಾನೂನು ನನ್ನನ್ನು ಎರಡನೆಯದರಿಂದ ಹೀಗೆ ಉಳಿಸಿತು. ‘ಆಗದು’ ಎಂಬ ಮಾತನ್ನು ನಾನು ಆಡಲೇ ಇಲ್ಲ.

ಅಡ್ಡಿಯೊಂದೇ ಉಳಿಯಿತು: ಕಂಬಳಿ ಎತ್ತಬೇಕೆಂದರೆ ಅದರ ಮೇಲಿದ್ದವನು ಏಳಬೇಕು. ಅವನು ಏಳಲಿಲ್ಲ. ಹಟ ಎಂದುಕೊಂಡರು. ಒಂದು ಕೈ ಊರಿದ, ಎರಡೂ ಕೈ ಊರಿದ, ಪಕ್ಕಕ್ಕೆ ವಾಲಿದ, ಮತ್ತೆ ಅಲ್ಲೇ ಕೂತ. ಹಟ ಅಲ್ಲವೆಂದು ನನಗೆ ತಕ್ಷಣ ತಿಳಿಯಿತು. ಆ ಮುಖವನ್ನು ನಾನೇ ಕುರಿ ದೊಡ್ಡಿಯಲ್ಲಿ ಮುಕ್ಕಾಲು ಗಂಟೆ ಹೊತ್ತುಕೊಂಡು ಕೂತಿದ್ದೆ.

ಎರಡೂ ಕೈ ಎದೆಯ ಮೇಲೆ ಕಟ್ಟಿ, ಮೂಗು ಮುಂದೆ ಮಾಡಿ, ಕುರ್ಚಿಯಿಂದ ಒಂದೇ ಉಸಿರಿಗೆ ಎದ್ದೆ. ಇದಕ್ಕಿಂತ ಭವ್ಯವಾಗಿ ನಾನು ಯಾವತ್ತೂ ಎದ್ದಿಲ್ಲ. ಮೊಮ್ಮಗಳು ಅಲಂಕಾರದ ನಡುವೆಯೇ ಒಳಗಿನಿಂದ “ಮುಪ್ಪದು!” ಎಂದು ಕೂಗಿದಳು. ಹೋಗಿ, ತಮ್ಮನ ಒಂದು ರಟ್ಟೆ ಹಿಡಿದೆ. ಇನ್ನೊಂದನ್ನು ನನ್ನ ಮಗ ಹಿಡಿದ. ಏಳುವಾಗ ಅವನ ಮಂಡಿ ಆಡಿದ ಮಾತನ್ನು ನಾನು ಸ್ಪಷ್ಟವಾಗಿ ಕೇಳಿದೆ. ಹಳೆಯ ಪರಿಚಯದ ಭಾಷೆ.

“ಎಷ್ಟು ದಿನದಿಂದ?” ಎಂದು ಕಿವಿಯಲ್ಲಿ ಕೇಳಿದೆ.

“ಮೂರ್ ವರ್ಸ” ಎಂದ ಹಲ್ಲು ಕಚ್ಚಿಕೊಂಡು. “ಬಾಯ್ ಮುಚ್ಕಂಡ್ ಓಗಿ ಕುಂತ್ಕ.”

ಕೂತೆ. ತಟ್ಟೆ ಬದಲಾಯಿತು. ಫೋಟೋದಲ್ಲಿ ಬೀಗರೂ ನಾನೂ ಸರಿಸಮ ಎತ್ತರದಲ್ಲಿದ್ದೇವೆ. ತಮ್ಮ ಹಿಂದೆ ಕಂಬ ಹಿಡಿದು ನಿಂತಿದ್ದಾನೆ.

ಎರಡು ತಿಂಗಳ ಮೇಲೆ ನಾನೊಬ್ಬನೇ ಬಸ್ಸು ಹತ್ತಿ, ಮಂಜವಾಡಿ ಕಣಿವೆ ದಾಟಿ ಸೇಲಂಗೆ ಹೋದೆ. ಕಂಡಕ್ಟರು ಕೈ ಚಾಚಿದರೂ ಬೇಡವೆಂದೆ. ಅದೇ ಆಸ್ಪತ್ರೆ, ಅದೇ ವಾರ್ಡು, ಮಂಚದ ಮೇಲೆ ಮಂಡಿಗೆ ಪಟ್ಟಿ ಕಟ್ಟಿಸಿಕೊಂಡ ತಮ್ಮ. ಸೇಬುಹಣ್ಣಿನ ಚೀಲವನ್ನು ಮಂಚದ ಪಕ್ಕ ಇಟ್ಟು, ಅವನ ಮುಖ ಬಿಟ್ಟು ಕಾಲನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದೆ.

“ನೋವಿದೆಯಾ?”

“ಇಲ್ಲ.”

“ಇರುತ್ತೆ ಬಿಡು.”

ಅವನು ಸೂರು ನೋಡುತ್ತ ಮಲಗಿದ್ದ. “ಇದ್ರಲ್ಲೂ ನೀನೇ ಮೊದ್ಲು” ಎಂದ.

ಅಟ್ಟದ ಮೇಲಿದ್ದ ನನ್ನ ವಾಕರನ್ನು ಒರೆಸಿ ಅವನ ಮನೆಗೆ ಕಳಿಸಿದ್ದೇನೆಂದು ಹೇಳಿದೆ. ಹಿರಿಯನ ಕೈಬಿಟ್ಟ ಮೇಲೆ ಅದು ಮುಂದಿನವನಿಗೇ ಸಲ್ಲಬೇಕು. ಆಮೇಲೆ ಎರಡು ಸೇಬು ತಿಂದು, ಕೈಯೂರದೆ ಎದ್ದು ಬಂದೆ.